ಹುಣಸಿ ಗಿಡದ ಕೇಸು ಮುಗಿದ ಮೇಲೆ

ಕೆಲಸ ಬಿಡುತ್ತೇನೆ ಎಂದು ದಿನಾ ಹೇಳುವವರು ಎಂದೂ ಬಿಡುವುದಿಲ್ಲ. ಬಿಡುವವರು ಹೇಳುವುದಿಲ್ಲ, ಒಂದು ದಿನ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಾರೆ, ಅಷ್ಟೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ, ಹೆಂಡತಿಯನ್ನು ನೋಡಿ ಕಲಿತೆ. ನನ್ನ ಹೆಂಡತಿ ಸುಜಾತಾ ವಕೀಲೆ. ಅಂತಿಂಥ ವಕೀಲೆಯಲ್ಲ. ಯಾದಗಿರಿಯಲ್ಲಿ ಒಂದು ದೊಡ್ಡ ವಕೀಲರ ಆಫೀಸಿದೆ, ಅಲ್ಲಿ ಟೇಬಲ್ಲಿಗೊಬ್ಬರಂತೆ ವಕೀಲರು, ಎಲ್ಲರ ಮೇಲೆ ಒಬ್ಬರು ದೊಡ್ಡ ಸಾಬರು. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಅವರ ಕೇಸುಗಳು ಓಡುತ್ತಿರುತ್ತವೆ. ಆ ಆಫೀಸಿನಲ್ಲಿ ನನ್ನ ಹೆಂಡತಿ ಗೆದ್ದ ಕೇಸುಗಳ ಹೆಸರು ಹೇಳಿದರೆ ಚಹಾದಂಗಡಿಯವನು ನನಗೂ ಮಲಾಯಿ ಹಾಕಿ ಕೊಡುತ್ತಾನೆ. ಸಂಬಳವೂ ಹಾಗೇ ಇದೆ. ಎಷ್ಟು ಎಂದು ಕೇಳಬೇಡಿ, ನಮ್ಮ ಓಣಿಯಲ್ಲಿ ಯಾರಿಗೂ ಅಷ್ಟಿಲ್ಲ ಎಂದರೆ ಸಾಕು. ಇಷ್ಟೆಲ್ಲ ಇದ್ದೂ ಆಕೆ ದಿನಾ ಮುಂಜಾನೆ ಬ್ಯಾಗು ಹೆಗಲಿಗೇರಿಸುವಾಗ ಒಂದು ಮಾತು ಹೇಳುತ್ತಾಳೆ. "ಸಾಕಾಗ್ಯಾದ್ರೀ ಈ ಆಫೀಸು. ಬಿಟ್ಟೇ ಬಿಡ್ತೀನಿ." ಹೇಳಿದವಳೇ ಬಸ್ಸು ತಪ್ಪೀತು ಎಂದು ಓಡುತ್ತಾಳೆ. ಬಿಡುವವರು ಯಾರಾದರೂ ಓಡಿ ಹೋಗಿ ಬಸ್ಸು ಹಿಡಿಯುತ್ತಾರೆಯೇ, ನೀವೇ ಹೇಳಿ.

ನನ್ನ ಬಗ್ಗೆಯೂ ಒಂದಿಷ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವನ್ಯಾರು ಮಧ್ಯೆ ಎಂದು ನಿಮಗೆ ಅನ್ನಿಸುತ್ತದೆ. ನಾನು ಶಹಾಪುರದಲ್ಲಿ ಅಂಗಡಿ, ಗೋದಾಮು, ಹತ್ತಿ ಮಿಲ್ಲುಗಳಿಗೆ ಸಿಸಿ ಕ್ಯಾಮೆರಾ ಕೂಡಿಸುವವನು. ಯಾರ ಕೈಕೆಳಗೂ ಕಲಿತವನಲ್ಲ, ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ಮೊದಲ ಸಲ ಕೂಡಿಸಿದ ಕಿರಾಣಿ ಅಂಗಡಿಯಲ್ಲಿ ಒಂದು ವಾರ ಬರೀ ಫ್ಯಾನು ತಿರುಗುವುದು ಕಾಣಿಸಿತು, ಕಳ್ಳ ಬಂದಿದ್ದರೂ ಫ್ಯಾನಿಗೆ ಜೋತುಬಿದ್ದಿದ್ದರೆ ಮಾತ್ರ ಸಿಗುತ್ತಿದ್ದ. ಈಗ ಹಾಗಿಲ್ಲ, ಕೈ ಪಳಗಿದೆ. ಜೋಳದ ರೊಟ್ಟಿ ಬಡಿಯುವುದನ್ನೂ ಹಾಗೆಯೇ ಕಲಿತೆ. ಮೊದಮೊದಲು ನನ್ನ ರೊಟ್ಟಿಯ ಅಂಚು ಬೇಸಿಗೆಯಲ್ಲಿ ಒಡೆದ ಭೀಮಾ ನದಿಯ ದಂಡೆಯಂತಿರುತ್ತಿತ್ತು, ಈಗ ನಮ್ಮ ಅವ್ವನೇ ಬಂದು ನೋಡಿ, "ಗಂಡುಮಗ ಆಗಿ ಕೆಟ್ಟಿ ನೋಡು" ಎನ್ನುವಷ್ಟು ದುಂಡಗೆ ಬರುತ್ತದೆ.

ಆದರೆ ಏನು ಉಪಯೋಗ? ನನ್ನ ತಾಪತ್ರಯ ಇರುವುದೇ ಈ ರೊಟ್ಟಿಯಲ್ಲಿ. ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಯನ್ನು ಗಂಡ ಹೆಂಡತಿ ಎದುರುಬದುರು ಕೂತು ಒಂದು ಹೊತ್ತು ತಿನ್ನಬೇಕು, ಇಷ್ಟೇ ನನ್ನ ಆಸೆ. ಬಂಗಾರ ಕೇಳಿಲ್ಲ, ಬಂಗಲೆ ಕೇಳಿಲ್ಲ. ಆಕೆ ಬರುತ್ತಾಳೆ, ಕೈಕಾಲು ತೊಳೆಯುತ್ತಾಳೆ, ತಾಟಿನ ಮುಂದೆ ಕೂರುತ್ತಾಳೆ, ರೊಟ್ಟಿ ಮುರಿಯುತ್ತಾಳೆ. ಆ ಮುರಿದ ಸಪ್ಪಳ ಯಾದಗಿರಿಯ ತನಕ ಕೇಳಿಸುತ್ತದೋ ಏನೋ, ಸರಿಯಾಗಿ ಆಗಲೇ ಫೋನು. ಕೋರ್ಟಿನ ತಾರೀಖಿಗೆ ನಮ್ಮ ಕಡೆ ನಿಜಾಮನ ಕಾಲದಿಂದಲೂ ಪೇಶಿ ಎನ್ನುತ್ತಾರೆ. "ಮೇಡಂ, ನಾಳಿ ನಮ್ದು ಪೇಶಿ ಅದನ್ರಿ? ನಾನು ಬರಬೇಕಾಗ್ತದೇನ್ರಿ? ಬಂದ್ರ ಏನ್ ಉಟ್ಕೊಂಡ್ ಬರ್ಲಿ?" ಹೀಗೊಬ್ಬ ಕೇಳಿದ. ಏನು ಉಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಸಿ ಮುಗಿಸುವಷ್ಟರಲ್ಲಿ ನನ್ನ ರೊಟ್ಟಿ ಛಾವಣಿಗೆ ಹೊದಿಸುವ ತಗಡಾಗಿತ್ತು.

ಇಂಥ ಬುದ್ಧಿವಂತರು, ಇಷ್ಟು ಗಳಿಸುವವರು, ಇಷ್ಟು ಬೇಸತ್ತವರು ಯಾಕೆ ಬಿಟ್ಟು ಬರುವುದಿಲ್ಲ? ನಾನು ಇದರ ಹಿಂದೆ ಬಿದ್ದೆ. ನನ್ನ ಸ್ವಭಾವವೇ ಹಾಗೆ, ಒಂದು ವಿಷಯ ಹಿಡಿದರೆ ವಿಡಿಯೋ ಮುಗಿಯುವ ತನಕ ಬಿಡುವವನಲ್ಲ. ಒಂದು ವಿಡಿಯೋದಲ್ಲಿ ಯಾರೋ ಕೋಟು ಹಾಕಿದವನು ಹೇಳಿದ, ಎಲ್ಲಾ ಸಂಬಳದ ಮಾಯೆ, ಬಂಗಾರದ ಪಂಜರ ಎಂದು. ಸುಳ್ಳು. ಮಾಯೆಯಾಗಬೇಕಾದರೆ ಖರ್ಚು ಮಾಡಲಿಕ್ಕಾದರೂ ಪುರಸೊತ್ತು ಬೇಕಲ್ಲ. ಕಳೆದ ದಸರೆಗೆ ತಂದ ಇಳಕಲ್ ಸೀರೆ ಇನ್ನೂ ಅಂಗಡಿಯ ಚೀಲದಲ್ಲೇ ಇದೆ. ಸೋಫಾ ತಂದೆವು, ಅದರ ಮೇಲೆ ಆವತ್ತಿನ ತನಕ ಕೂತವರು ಸುರಪುರ ಕಡೆಯ ಕಕ್ಷಿದಾರರು, ನಾನು, ಮತ್ತು ಒಂದು ಬೆಕ್ಕು. ಇನ್ನೊಬ್ಬ ಹೇಳಿದ, ಬಿಟ್ಟರೆ ಜನ ಸೋತಳು ಅನ್ನುತ್ತಾರೆಂಬ ಹೆದರಿಕೆ ಎಂದು. ಹೆದರಿಕೆ? ಪೊಲೀಸ್ ಅಧಿಕಾರಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ನೀರು ಕೇಳುವ ಹಾಗೆ ಮಾಡಿದವಳಿಗೆ ಓಣಿಯವರ ಹೆದರಿಕೆಯೇ?

ಕೊನೆಗೆ ನಾನು ದೊಡ್ಡ ಸಾಬರನ್ನೇ ಹಿಡಿದೆ. ಅವರ ಮನೆಗೆ ಕ್ಯಾಮೆರಾ ಕೂಡಿಸಲಿಕ್ಕೆ ಹೋಗಿದ್ದೆ. ಪಡಸಾಲೆಯಲ್ಲಿ ಒಂದು ತೂಗುಮಂಚ, ಭಾರೀ ಸಾಗವಾನಿ ಕಟ್ಟಿಗೆಯದು, ಆದರೆ ಇನ್ನೂ ಪ್ಲಾಸ್ಟಿಕ್ ಹೊದಿಕೆಯೊಳಗೇ ಇದೆ, ಮೇಲೆ ಹಳೆಯ ಫೈಲುಗಳ ಗುಡ್ಡೆ. "ಸಾಬ್ರ, ಇದು ಹೊಸಾದೇನ್ರಿ?" ಎಂದೆ. "ಎಲ್ಲೀದಪಾ, ಭಾಳ ವರ್ಷ ಆಯ್ತು. ರಾಮಸಮುದ್ರದಾಗ ನಮ್ಮ ಹೊಲದ ಮನಿ ಅದ. ಇದೆಲ್ಲ ಬಿಟ್ಟು ಅಲ್ಲಿ ಹೋಗಿ ಇದರ ಮ್ಯಾಲ ಕುಂತು ಜೀಕಬೇಕಂತ ತಗೊಂಡೀನಿ," ಎಂದರು. "ಮತ್ತ ಯಾವಾಗ್ರಿ?" "ಈ ವರ್ಷ ಬಿಡ್ತೀನಿ." ಹೀಗೆಂದವರು ತೂಗುಮಂಚದ ಮೇಲಿನ ಒಂದು ಫೈಲು ಎಳೆದು ಓದತೊಡಗಿದರು. ನನ್ನ ಮುಂದೆಯೇ ಅವರ ಮುಖದ ಗಂಟು ಬಿಚ್ಚಿಕೊಂಡಿತು. ಮೊಮ್ಮಗನ ಫೋಟೋ ತೋರಿಸುವಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ. ನಾನು ಏಣಿಯ ಮೇಲೆ ನಿಂತವನು ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಮೊಳೆ ಬಡಿಯತೊಡಗಿದೆ.

ಅಂಥದ್ದರಲ್ಲಿ ಒಂದು ಯುಗಾದಿಯ ದಿನ ಬೇವುಬೆಲ್ಲ ಕೈಯಲ್ಲಿ ಹಿಡಿದೇ ಸುಜಾತಾ ಒಂದು ಮಾತು ಕೊಟ್ಟಳು. "ಈಗ ಖರೇನೇ ಹೇಳಾಕತ್ತೀನ್ರೀ. ಸಗರದವರ ಹುಣಸಿ ಗಿಡದ ಕೇಸು ಒಂದು ಮುಗೀಲಿ. ಮುಗಿದ ಮರುದಿನ ಬಿಡ್ತೀನಿ. ಇಲ್ಲೇ ಶಹಾಪುರದಾಗ ಒಂದ್ ಸಣ್ಣ ಆಫೀಸು ಹಾಕ್ಕೋತೀನಿ. ಮಧ್ಯಾಹ್ನ ಮನಿಗಿ ಬಂದು ಊಟ." ಬೆಲ್ಲದ ಜೊತೆ ಬಂದ ಮಾತು, ನಾನು ನಂಬಿದೆ. ಮರುದಿನವೇ ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಪೇಂಟರನಿಂದ ಹಳದಿ ಹಲಗೆಯ ಮೇಲೆ ಕೆಂಪು ಅಕ್ಷರದಲ್ಲಿ ಆಕೆಯ ಹೆಸರು ಬರೆಸಿ ಬಾಗಿಲ ಮೇಲೆ ತೂಗುಹಾಕಿದೆ. ಒಂದು ಕೇಸು, ಒಂದು ಗಿಡ, ಎಷ್ಟು ದಿನ ಆದೀತು?

ಓದುಗರಲ್ಲಿ ವಕೀಲರು ಇದ್ದರೆ ಈಗ ನಗುತ್ತಿರುತ್ತೀರಿ. ನಗಿ. ನಾನು ಆಗ ತಿಳಿಯದೆ ಮಾಡಿದ ತಪ್ಪು ಅದು. ಕೆಲಸ ಬಿಡುವ ದಿನವನ್ನು ಯಾರಾದರೂ ಹಬ್ಬಕ್ಕೆ ಕಟ್ಟುತ್ತಾರೆ, ಮಳೆಗಾಲಕ್ಕೆ ಕಟ್ಟುತ್ತಾರೆ, ಪಾಲಿನ ಕೇಸಿಗೆ ಕಟ್ಟುವವರುಂಟೇ? ಸಗರ ಎಂಬ ಹಳ್ಳಿಯ ಸಾಬಣ್ಣ, ದೇವಿಂದ್ರಪ್ಪ ಒಡಹುಟ್ಟಿದ ಅಣ್ಣತಮ್ಮ, ಇಬ್ಬರಿಗೂ ಮುಪ್ಪು. ಅಪ್ಪ ತೀರಿಕೊಂಡ ಮೇಲೆ ಹೊಲ ಪಾಲಾಯಿತು, ಮನೆ ಪಾಲಾಯಿತು, ದನ ಕುರಿ ಪಾಲಾದವು. ಉಳಿದದ್ದು ಎರಡು ಹೊಲದ ನಡುವಿನ ಬದುವಿನ ಮೇಲೆ ನಿಂತ ಒಂದು ಹುಣಸಿ ಗಿಡ. ಬೇರು ಅಣ್ಣನ ಕಡೆ ಹೆಚ್ಚು, ಟೊಂಗೆ ತಮ್ಮನ ಕಡೆ ಹೆಚ್ಚು. ಸಾಬಣ್ಣನ ವಕೀಲೆ ನನ್ನ ಹೆಂಡತಿ, ದೇವಿಂದ್ರಪ್ಪನಿಗೆ ಬೇರೊಬ್ಬ ವಕೀಲರು. ಇವರಿಗೊಬ್ಬ ಅಕ್ಕನೂ ಕೇಸಿನಲ್ಲಿದ್ದಳು. ಆಕೆ ತೀರಿಕೊಂಡಾಗ ಕಾನೂನಿನ ಪ್ರಕಾರ ಆಕೆಯ ಮಕ್ಕಳೆಲ್ಲರೂ ಕೇಸಿನೊಳಗೆ ಬಂದರು. ಒಬ್ಬ ಪುಣೆಯಲ್ಲಿ, ಒಬ್ಬಳು ಗುರುಮಠಕಲ್ಲಿನಲ್ಲಿ, ಇನ್ನೊಬ್ಬ ಎಲ್ಲಿದ್ದಾನೆಂದು ಅವನ ಹೆಂಡತಿಗೇ ಗೊತ್ತಿಲ್ಲ. ಅವರಿಗೆಲ್ಲ ನೋಟಿಸು ಕಳಿಸುವಷ್ಟರಲ್ಲಿ ಗಿಡ ಎರಡು ಸಲ ಕಾಯಿ ಬಿಟ್ಟು ಉದುರಿಸಿತ್ತು. ಇದನ್ನೆಲ್ಲ ಸುಜಾತಾ ಒಂದು ದಿನ ಸಹಜವಾಗಿ ಹೇಳಿ, "ಈಗ ದೇವಿಂದ್ರಪ್ಪನೂ ಕೆಮ್ಮಾಕತ್ಯಾನ. ಅವನಿಗಿ ಹೆಚ್ಚುಕಡಿಮಿ ಆದ್ರ ಅವನ ಮಕ್ಕಳು, ಮೊಮ್ಮಕ್ಕಳು..." ಎಂದು ಬೆರಳು ಮಡಚುತ್ತ ಹೋದಾಗ ನಾನೂ ನನ್ನ ಲೆಕ್ಕ ಹಾಕಿದೆ. ಮುದುಕನ ಒಂದು ಕೆಮ್ಮಿಗೆ ನನ್ನ ಬಿಸಿ ರೊಟ್ಟಿ ತೂಗಾಡುತ್ತಿದೆ!

ಮರುದಿನವೇ ಬೈಕು ಹತ್ತಿ ಸಗರಕ್ಕೆ ಹೋದೆ. ಒಂದು ಚೀಲ ಮೋಸಂಬಿ, ಒಂದು ಡಬ್ಬಿ ಜೇನುತುಪ್ಪ. ದೇವಿಂದ್ರಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಎಳೆಯುತ್ತಿದ್ದ. ಕೇಸಿನ ಮಾತು ಎತ್ತಲಿಲ್ಲ, ಬೀಡಿ ಕಿತ್ತುಕೊಂಡೆ. "ಕಾಕಾ, ಇದು ಬಿಡ್ರಿ. ದಿನಾ ಎರಡು ಮೋಸಂಬಿ ತಿನ್ರಿ. ಬಿಸಿನೀರಿಗಿ ಜೇನು ಹಾಕ್ಕೊಂಡು ಕುಡೀರಿ," ಎಂದೆ. ಅವನು ನನ್ನನ್ನು ಕೆಳಗಿನಿಂದ ಮೇಲೆ ನೋಡಿ, "ತಮ್ಮಾ, ನೀ ಯಾರಪಾ? ಎಲೆಕ್ಷನಿಗಿ ನಿಂತೀಯೇನು?" ಎಂದ. ಇಲ್ಲ, ನಿಮ್ಮ ಆರೋಗ್ಯದ ಫಿಕರ್ ಇರುವವನು ಎಂದೆ. "ನನ್ನ ಮಕ್ಕಳಿಗೇ ಇಲ್ಲಪಾ ಆ ಫಿಕರ್," ಎಂದು ಮುದುಕ ಮೋಸಂಬಿ ಸುಲಿದ. ಅಲ್ಲಿಂದ ಸಾಬಣ್ಣನ ಮನೆಗೂ ಹೋಗಿ ಅಷ್ಟೇ ಹಣ್ಣು ಕೊಟ್ಟೆ, ಪಕ್ಷಪಾತ ಆಗಬಾರದಲ್ಲ. ಹೀಗೆ ಅಮಾವಾಸ್ಯೆ ಹುಣ್ಣಿಮೆಗೆ ಹೋಗಿಬರುವ ರೂಢಿಯಾಯಿತು. ಹೆಂಡತಿಗೆ ಹೇಳಿರಲಿಲ್ಲ. ಒಳ್ಳೆಯ ಕೆಲಸವನ್ನು ಹೇಳಿಕೊಂಡು ತಿರುಗಬಾರದು ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಅದು ತಾನಾಗಿಯೇ ಹೊರಬಿತ್ತು. ಒಂದು ಸಂಜೆ ಆಕೆ ಬಂದವಳು ಬ್ಯಾಗು ಸಹ ಇಳಿಸಲಿಲ್ಲ.

"ರೀ, ನೀವು ಎದುರು ಪಾರ್ಟಿ ಮನಿಗಿ ಹೋಗಿ ಮೋಸಂಬಿ ಕೊಟ್ಟು ಬಂದೀರೇನು?"

"ಅಂವಾ ಕೆಮ್ಮತಿದ್ದ, ಸುಜಾತಾ."

"ಇಡೀ ಕೋರ್ಟಿನಾಗ ನಗಾಕತ್ತಾರ! ಅವರ ವಕೀಲರು ಎಲ್ಲಾರ ಮುಂದ ಕೇಳ್ತಾರ, ಏನ್ ಮೇಡಂ, ನಿಮ್ಮ ಮನಿಯವರು ನಮ್ಮ ಪಾರ್ಟಿಗಿ ಹಣ್ಣು ತಿನ್ನಿಸಿ ಒಳಗ ಹಾಕ್ಕೊಳ್ಳಾಕತ್ತಾರೇನಂತ. ನನ್ನ ಮಾನ ಮೂರು ಕಾಸಿಗಿ ಹೋಯ್ತು!"

"ನಿನ್ನ ಪಾರ್ಟಿಗೂ ಕೊಟ್ಟೀನಿ. ಬರಬ್ಬರ್ ಅಷ್ಟೇ ಕೊಟ್ಟೀನಿ."

"ಯಾಕ ಕೊಟ್ರಿ ಅದನ್ನ ಹೇಳ್ರಿ."

"ಸಾಯಬಾರದಂತ."

ಆಕೆ ಸೋಫಾದ ಮೇಲೆ ಕೂತಳು. ತಂದ ಮೇಲೆ ಆಕೆ ಅದರ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆಕ್ಕಿಗೂ ಆಶ್ಚರ್ಯವಾಗಿ ಎದ್ದು ಹೋಯಿತು. ಕೆಮ್ಮಿದರೆ, ಸತ್ತರೆ, ವಾರಸುದಾರರು ಬಂದರೆ, ನೀನು ಬಿಡುವುದು ಯಾವಾಗ ಎಂದು ನಾನು ಬಿಡಿಸಿ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ಅಷ್ಟು ಬ್ಯಾಸರ ಆಗ್ಯಾದೇನ್ರಿ ನಿಮಗ?" ಎಂದಷ್ಟೇ ಕೇಳಿದಳು. ಆ ಹೊತ್ತು ಫೋನು ಬಂದಿತು. ಆಕೆ ಎತ್ತಲಿಲ್ಲ. ಎತ್ತಲಿಲ್ಲ, ಆದರೆ ಅದು ನಿಲ್ಲುವ ತನಕ ಅದನ್ನೇ ನೋಡುತ್ತ ಕೂತಳು, ತೊಟ್ಟಿಲಲ್ಲಿ ಅಳುವ ಕೂಸನ್ನು ನೋಡಿದ ಹಾಗೆ. ನನಗೇ ತಡೆಯಲಾಗದೆ, "ಎತ್ತು ಮಾರಾಯ್ತಿ, ಯಾರೋ ಏನೋ," ಎಂದುಬಿಟ್ಟೆ.

ಮುಂದಿನ ಪೇಶಿಗೆ ನಾನೇ ಶಹಾಪುರ ಕೋರ್ಟಿಗೆ ಹೋದೆ, ಕೇಸು ಎಲ್ಲಿ ತೊಡರಿಕೊಂಡಿದೆ ಎಂದು ಕಣ್ಣಾರೆ ನೋಡೋಣವೆಂದು. ಹೊರಗೆ ಬೇವಿನ ಗಿಡದ ಕೆಳಗೆ ನೋಡಿದರೆ ಸಾಬಣ್ಣ, ದೇವಿಂದ್ರಪ್ಪ ಒಂದೇ ಕಾಗದದ ಪೊಟ್ಟಣದಿಂದ ಬಿಸಿ ಮಿರ್ಚಿ ಭಜಿ ತಿನ್ನುತ್ತಿದ್ದಾರೆ! ಒಂದೇ ಬಸ್ಸಿಗೆ ಬಂದಿದ್ದರಂತೆ, ಅಣ್ಣನ ಟಿಕೆಟನ್ನು ತಮ್ಮನೇ ತೆಗೆಸಿದ್ದನಂತೆ.

"ಅಲ್ರೀ ಕಾಕಾ, ನೀವು ಕೇಸಿನಾಗ ವೈರಿ ಅಲ್ಲೇನ್ರಿ?" ಎಂದೆ.

"ಹೌದಪಾ. ಊರಾಗ ಮಾರಿ ನೋಡಂಗಿಲ್ಲ," ಎಂದ ಸಾಬಣ್ಣ. "ಊರಾಗ ಇವನ ಕೂಡ ಮಾತಾಡಿದ್ರ ನನ್ನ ಮನ್ಯಾಕಿ ಉಣ್ಣಾಕ ನೀಡಂಗಿಲ್ಲ. ಇವನ ಮನ್ಯಾಗೂ ಹಂಗೇ ಅದ."

"ಪೇಶಿ ದಿನ ಯಾರು ಬ್ಯಾಡ ಅಂತಾರ?" ಎಂದ ದೇವಿಂದ್ರಪ್ಪ ಮೆಣಸಿನಕಾಯಿಯ ತೊಟ್ಟು ಉಗುಳುತ್ತ. "ಸರಕಾರನೇ ಕರೆಸ್ತದ."

ಇಷ್ಟು ಕಿವಿಯಿಂದ ಕೇಳಿದ ಮೇಲಾದರೂ ಒಬ್ಬ ಶಾಣ್ಯಾ ಮನುಷ್ಯ ಸುಮ್ಮನಿರಬೇಕಿತ್ತು. ಆದರೆ ನನ್ನ ತಲೆಯಲ್ಲಿ ರೊಟ್ಟಿ. ಇಷ್ಟು ಪ್ರೀತಿ ಇದ್ದರೆ ರಾಜಿ ಇನ್ನೂ ಸುಲಭ ಎಂದು ಕುಣಿದುಬಿಟ್ಟೆ. ಒಂದು ವರ್ಷ ಒಬ್ಬರಿಗೆ ಕಾಯಿ, ಮರುವರ್ಷ ಇನ್ನೊಬ್ಬರಿಗೆ, ಇಷ್ಟು ಸೀದಾ ಮಾತು ಯಾರಿಗೂ ಹೊಳೆದಿಲ್ಲವಲ್ಲ ಎಂದು ಅವರ ಮುಂದೆ ಇಟ್ಟೆ. ಹೊಳೆದಿತ್ತಂತೆ, ಪ್ರತಿಯೊಬ್ಬರಿಗೂ ಹೊಳೆದಿತ್ತಂತೆ. ಆದರೂ ನಾನು ಬಿಡಲಿಲ್ಲ. ಅವರ ಅಕ್ಕನ ಮಗ ಪುಣೆಯವನಿಗೆ ಫೋನು ಮಾಡಿದೆ, "ನಮಗ ಹುಣಸಿಹಣ್ಣು ಬ್ಯಾಡ, ಈ ನೋಟಿಸು ಬ್ಯಾಡ, ನೀವೂ ಫೋನ್ ಮಾಡಬ್ಯಾಡ್ರಿ," ಎಂದ. ಎಲ್ಲಿದ್ದಾನೆಂದು ತಿಳಿಯದವನನ್ನೂ ಹುಡುಕಿಸಿದೆ, ಅವನು ಸುರಪುರದಲ್ಲೇ ಇದ್ದ. ಅಕ್ಕನ ಮಕ್ಕಳೆಲ್ಲರಿಂದ ತಕರಾರಿಲ್ಲ ಎಂದು ಬರೆಸಿಕೊಂಡೆ. ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಒಂದು ಪೇಶಿಯ ದಿನ ನ್ಯಾಯಾಧೀಶರು ಇಬ್ಬರನ್ನೂ ಮುಂದೆ ನಿಲ್ಲಿಸಿಕೊಂಡು ರಾಜಿಗೆ ಒಪ್ಪಿಗೆ ಇದೆಯೇ ಎಂದು ಕೇಳಿದರು. ಸಾಬಣ್ಣ ದೇವಿಂದ್ರಪ್ಪನ ಕಡೆ ನೋಡಿದ. ದೇವಿಂದ್ರಪ್ಪ ಸಾಬಣ್ಣನ ಕಡೆ ನೋಡಿದ. ಅವನು ಬೇಡ ಎನ್ನಲಿ ಎಂದು ಇವನು, ಇವನು ಬೇಡ ಎನ್ನಲಿ ಎಂದು ಅವನು. ಯಾರೂ ಬಾಯಿ ಬಿಡಲಿಲ್ಲ. ಹೆಬ್ಬೆಟ್ಟು ಬಿದ್ದವು. ಕೇಸು ಮುಗಿಯಿತು. ಹೊರಗೆ ಬಂದು ನಾನು ಎಲ್ಲರಿಗೂ ಪೇಢೆ ಹಂಚಿದೆ. ಸಾಬಣ್ಣ ಪೇಢೆಯನ್ನು ಟೊಪ್ಪಿಗೆಯ ಮಡಿಕೆಯಲ್ಲಿಟ್ಟುಕೊಂಡು, "ಹಂಗಾದ್ರ ಮುಂದಿನ ತಿಂಗಳು ಬರೋದೇನಿಲ್ಲ," ಎಂದ. ಭಜಿಯವನು ಮಾತ್ರ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸುಜಾತಾ ಮಾತಿಗೆ ತಪ್ಪುವವಳಲ್ಲ. ಮರುದಿನವೇ ದೊಡ್ಡ ಸಾಬರ ಮುಂದೆ ಹೋಗಿ ನಿಂತಳು. ಅವರು ಕೋಪ ಮಾಡಲಿಲ್ಲ, ಸಂಬಳ ಏರಿಸುತ್ತೇನೆ ಎನ್ನಲಿಲ್ಲ, ಕಣ್ಣೀರು ಹಾಕಲಿಲ್ಲ. "ಎಂಟು ದಿನ ರಜಾ ತಗೋ, ಮಗಳೇ. ಮನ್ಯಾಗ ಇದ್ದು ನೋಡು. ಆಮ್ಯಾಲ ಹೇಳು," ಎಂದರು. ಎಷ್ಟು ಪಳಗಿದ ವಕೀಲರು ಎಂದು ನನಗೆ ಆಮೇಲೆ ತಿಳಿಯಿತು.

ಮೊದಲ ದಿನ ಸ್ವರ್ಗ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಎದುರುಬದುರು ಕೂತೆವು. ಫೋನು ಬರಲಿಲ್ಲ. ಆಕೆ ಒಂದು ರೊಟ್ಟಿ ತಿಂದಳು. ಫೋನು ಬರಲಿಲ್ಲ. ಎರಡನೆಯದು ತಿನ್ನುತ್ತ ಫೋನನ್ನು ತಿರುಗಿಸಿ ಚಾರ್ಜ್ ಇದೆಯೇ ಎಂದು ನೋಡಿದಳು. ಮರುದಿನ ಹಾಲಿನವನು ಸಿಕ್ಕಿಬಿದ್ದ. "ನಿನ್ನಿ ಹಾಲು ಗಟ್ಟಿ ಇತ್ತು, ಇವತ್ತು ನೀರದ. ನಡುವ ಏನಾಯ್ತು? ಆಕಳು ನಿಂದೇನು? ಹಿಂಡೋರು ಯಾರು? ಹಿಂಡೋ ಮುಂದ ನೀ ಅಲ್ಲಿ ಇದ್ದಿ? ಇದ್ದಿಲ್ಲಂದ್ರ ನೀರು ಹಾಕಿಲ್ಲಂತ ಹೆಂಗ ಹೇಳ್ತಿ?" ಪಾಪ, ಅವನು ಡಬರಿ ಬಿಟ್ಟು ಓಡಿದ, ಮಾರನೇ ದಿನದಿಂದ ಹಾಲು ಗೇಟಿನ ಹೊರಗೇ ಇಟ್ಟು ಹೋಗತೊಡಗಿದ. ಆಮೇಲೆ ನನ್ನ ಸರದಿ.

"ಕೊತಂಬ್ರಿ ಎಲ್ಲಿ ತಂದ್ರಿ?"

"ಸಂತಿಯಾಗ."

"ಸಂತಿ ನಿನ್ನಿ ಇತ್ತು. ನೀವು ಇವತ್ತು ತಂದೀನಿ ಅಂದ್ರಿ."

"ನಿನ್ನಿ ತಂದು ಇವತ್ತು ಚೀಲದಿಂದ ತಗದೆ."

"ಹಂಗಾದ್ರ ಮೊದಲು ಹೇಳಿದ್ದು ಸುಳ್ಳು?"

"ಸುಳ್ಳಲ್ಲ ಮಾರಾಯ್ತಿ, ಅದು ಕೊತಂಬ್ರಿ!"

"ಹೌದು ಇಲ್ಲ ಅಷ್ಟೇ ಹೇಳ್ರಿ."

ಮಧ್ಯಾಹ್ನ ಆಕೆಯನ್ನು ಹೊಸ ಕೋಣೆಗೆ ಕರೆದುಕೊಂಡು ಹೋದೆ, ಹಳದಿ ಹಲಗೆಯ ಕೆಳಗೆ ಕೂಡಿಸಿದೆ. ಬಂದವರು ಇಬ್ಬರು. ಒಬ್ಬ ಕಲಬುರಗಿ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ. ಇನ್ನೊಬ್ಬ ಹಲಗೆ ಓದಿ, ಒಳಗೆ ಇಣುಕಿ, "ಏ, ನೀವು ಆ ದೊಡ್ಡ ಆಫೀಸಿನ ಮೇಡಂ ಅಲ್ಲೇನ್ರಿ? ನಮ್ಮದೊಂದು ದೊಡ್ಡ ಕೇಸದ್ರಿ, ಅಲ್ಲೇ ಬಂದು ಕಾಣ್ತೀವಿ ಬಿಡ್ರಿ," ಎಂದು ಹೊರಟುಹೋದ. ಸುಜಾತಾ ಟೇಬಲ್ಲು ಒರೆಸಿದಳು. ಮತ್ತೊಮ್ಮೆ ಒರೆಸಿದಳು. ಕಟಕಟೆಯಲ್ಲಿ ದೊಡ್ಡದೊಡ್ಡವರನ್ನು ನಡುಗಿಸಿದ ಕೈ ಆ ಬಟ್ಟೆ ಹಿಡಿದು ಸುಮ್ಮನೆ ಅತ್ತಿತ್ತ ಆಡುವುದನ್ನು ನೋಡಿ ನನಗೆ ಹೇಗೋ ಆಯಿತು. ಪಟ್ಟೆಹುಲಿಯನ್ನು ಪಂಜರದಿಂದ ಬಿಡಿಸುತ್ತೇನೆಂದು ತಂದು ಅಡುಗೆಮನೆಯಲ್ಲಿ ಕಟ್ಟಿಹಾಕಿದ್ದೆ. ಅದಕ್ಕೆ ರೊಟ್ಟಿ ಬೇರೆ ಹಾಕುತ್ತಿದ್ದೆ.

ನಡುವೆ ನನಗೊಂದು ಕೆಲಸ ಬಂದಿತ್ತು. ದೇವಿಂದ್ರಪ್ಪ ಫೋನು ಮಾಡಿ, "ತಮ್ಮಾ, ಗಿಡ ಈ ವರ್ಷ ನಂದು. ಕಾಯಿ ಯಾರರ ಬಡಕೊಂಡು ಹೋದ್ರ ಹೆಂಗ? ಒಂದ್ ಕ್ಯಾಮೆರಾ ಹಾಕು," ಎಂದಿದ್ದ. ಬಿಸಿಲಿಗೆ ಚಾರ್ಜಾಗುವ, ಸಿಮ್ ಹಾಕುವ ಕ್ಯಾಮೆರಾ ತಂದು ಹುಣಸಿ ಗಿಡದ ಕೊಂಬೆಗೆ ಬಿಗಿದು, ಅವನ ಮೊಮ್ಮಗಳ ಫೋನಿನಲ್ಲಿ ಕಾಣುವ ಹಾಗೆ ಮಾಡಿಕೊಟ್ಟು ಬಂದೆ. ಗಿರಾಕಿ ಗಿರಾಕಿಯೇ, ನಾನೇನೂ ಯೋಚನೆ ಮಾಡಲಿಲ್ಲ.

ರಜೆಯ ಕೊನೆಯ ದಿನ ಕೋಣೆಯಲ್ಲಿ ಕೂತಿದ್ದೆವು. ಆಫೀಸಿಗೆ ಹೋಗುವುದಿಲ್ಲ ಎಂದು ಮರುದಿನ ದೊಡ್ಡ ಸಾಬರಿಗೆ ತಿಳಿಸಬೇಕಿತ್ತು. ಬಾಗಿಲಲ್ಲಿ ಎರಡು ಟೊಪ್ಪಿಗೆ ಕಾಣಿಸಿದವು. ಸಾಬಣ್ಣ, ದೇವಿಂದ್ರಪ್ಪ. ಮತ್ತೆ ಒಂದೇ ಬಸ್ಸಿಗೆ ಬಂದಿದ್ದರು. ಕೈಯಲ್ಲಿ ಬಿಸಿ ಭಜಿಯ ಪೊಟ್ಟಣ.

"ವಕೀಲವ್ವಾ, ನಮ್ಮ ರಾಜಿ ಮುರೀತು," ಎಂದ ಸಾಬಣ್ಣ. ಇಷ್ಟು ಸಂತೋಷದಿಂದ ಯಾರೂ ಯಾವುದನ್ನೂ ಮುರಿದಿರಲಿಕ್ಕಿಲ್ಲ.

"ಇಂವಾ ನನ್ನ ವರ್ಷದಾಗ ಕಾಯಿ ಆರಿಸ್ಕೊಂಡು ಹೋಗ್ಯಾನ," ಎಂದ ದೇವಿಂದ್ರಪ್ಪ. "ಕ್ಯಾಮೆರಾದಾಗ ಅದ. ಬೇಕಾದ್ರ ನೋಡ್ರಿ."

ಅವನು ತಂದಿದ್ದ ಮೊಮ್ಮಗಳ ಫೋನಿನಲ್ಲಿ ನೋಡಿದೆವು. ನಟ್ಟನಡು ಹಗಲು ಸಾಬಣ್ಣ ಗಿಡದ ಕೆಳಗೆ ಬಂದ. ನಾಲ್ಕು ಕಾಯಿ ಆರಿಸಿ ಮಡಿಲಿಗೆ ಹಾಕಿಕೊಂಡ. ಆಮೇಲೆ ಕ್ಯಾಮೆರಾದ ಹತ್ತಿರ ಬಂದು, ಮುಖ ತುಂಬ ಕಾಣುವ ಹಾಗೆ ನಿಂತು, "ಏ ದೇವಿಂದ್ರಾ, ಕಾಣ್ತದಿಲ್ಲೋ? ಚಂದಾಗಿ ನೋಡ್ಕೊ," ಎಂದು ಕೂಗಿದ. ಫೋಟೋ ಸ್ಟುಡಿಯೋದಲ್ಲಿ ನಿಂತವರೂ ಅಷ್ಟು ನೆಟ್ಟಗೆ ನಿಲ್ಲುವುದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಇವರಿಬ್ಬರನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಬೇಕು ಎನ್ನಿಸಿತು. ಅಷ್ಟರಲ್ಲಿ ಸುಜಾತಾಳ ಕಡೆ ನೋಡಿದೆ. ಆಕೆ ಬಟ್ಟೆ ಕೆಳಗಿಟ್ಟಿದ್ದಳು. ಬೆನ್ನು ನೆಟ್ಟಗಾಗಿತ್ತು. "ಬದುವಿನ ಈ ಕಡಿ ಬಿದ್ದಿದ್ದೋ, ಆ ಕಡಿ ಬಿದ್ದಿದ್ದೋ?" ಎಂದು ಕೇಳುತ್ತಿದ್ದಳು. ದೊಡ್ಡ ಸಾಬರು ಆ ದಿನ ತೂಗುಮಂಚದ ಮೇಲಿನ ಫೈಲು ಎಳೆದುಕೊಂಡಾಗ ಇದ್ದ ಮುಖವೇ ಇದು. ಆಮೇಲೆ ಏನೋ ನೆನಪಾದವಳಂತೆ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಕೆಳಗಿಟ್ಟ ಬಟ್ಟೆಯನ್ನು ಮತ್ತೆ ಎತ್ತಿಕೊಂಡಳು. ಯುಗಾದಿಯ ಬೆಲ್ಲದ ಮೇಲೆ ಕೊಟ್ಟ ಮಾತು, ಆಕೆಯಾಗಿ ಮುರಿಯುವವಳಲ್ಲ. ನಾನು ಬೇಡವೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದಿನಾ ಬಿಸಿ ರೊಟ್ಟಿ, ದಿನಾ ಕೊತ್ತಂಬರಿಯ ವಿಚಾರಣೆ, ದಿನಾ ಆ ಟೇಬಲ್ಲು ಒರೆಸುವ ಕೈ.

"ಇದೊಂದು ಮುಗೀಲಿ ಬಿಡು," ಎಂದೆ. ಹೌದು, ನಾನೇ ಎಂದೆ. ಆಕೆಯ ಫೋನು ತೆಗೆದುಕೊಂಡು ದೊಡ್ಡ ಸಾಬರಿಗೂ ನಾನೇ ಹಚ್ಚಿದೆ. "ಸಾಬ್ರ, ನಾಳಿ ಬಸ್ಸಿಗಿ ಬರ್ತಾಳ್ರಿ," ಎಂದೆ. ಆ ಕಡೆಯಿಂದ ಸಾಬರು, "ಎಂಟು ದಿನ ತಡದೀಯಲ್ಲಪಾ, ನಮ್ಮ ಮನ್ಯಾಕಿ ಮೂರೇ ದಿನಕ್ಕ ನನ್ನ ಆಫೀಸಿಗಿ ಅಟ್ಟಿದ್ಲು," ಎಂದು ನಕ್ಕರು.

ಅಲ್ಲಿಗೆ ನನ್ನ ಪಾಲಿನದು ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ತಿಂಗಳೊಪ್ಪತ್ತಿನಲ್ಲಿ ನನ್ನ ಹೆಸರಿಗೇ ಸಮನ್ಸು ಬಂದಿತು. ಕ್ಯಾಮೆರಾ ಕೂಡಿಸಿದವನು ನಾನು, ಅದರೊಳಗಿನದು ಖರೆಯೋ ಸುಳ್ಳೋ ಹೇಳಬೇಕಾದವನೂ ನಾನೇ. ದೇವಿಂದ್ರಪ್ಪ ನನ್ನನ್ನು ತನ್ನ ಸಾಕ್ಷಿ ಮಾಡಿಕೊಂಡಿದ್ದ. ಮೋಸಂಬಿ ತಂದುಕೊಟ್ಟವನು, ನಂಬಿಗಸ್ತ ಮನುಷ್ಯ ಎಂದು ತನ್ನ ವಕೀಲರಿಗೆ ಹೇಳಿದನಂತೆ. ಸಾಬಣ್ಣನ ಪರ ಪಾಟಿಸವಾಲು ಮಾಡುವವರು ಯಾರು ಎಂದು ಬೇರೆ ಹೇಳಬೇಕೇ? "ಆಫೀಸಿನಾಗ ಬ್ಯಾರೆಯವರು ಮಾಡ್ಲಿ, ಸುಜಾತಾ," ಎಂದು ಅಂಗಲಾಚಿದೆ. "ಬ್ಯಾರೆಯವರಿಗಿ ನಿಮ್ಮ ಬಗ್ಗಿ ಏನ್ ಗೊತ್ತದ್ರಿ?" ಎಂದು ಆಕೆ ಬ್ಯಾಗು ಹೆಗಲಿಗೇರಿಸಿದಳು. ಅಂದಿನಿಂದ ಕೇಸಿನ ಮಾತು ಮನೆಯಲ್ಲಿ ಬಂದ್. ಎದುರು ಪಾರ್ಟಿಯ ಸಾಕ್ಷಿಯ ಜೊತೆ ಮಾತಾಡಬಾರದಂತೆ. ರೊಟ್ಟಿ ನೀಡಿಸಿಕೊಳ್ಳಬಹುದಂತೆ.

ಹಾಗಾಗಿ ಈಗ ನಾನೂ ಪೇಶಿಗೆ ಹೋಗುತ್ತೇನೆ. ನನ್ನ ಸರದಿ ಇನ್ನೂ ಬಂದಿಲ್ಲ, ಪ್ರತಿ ಸಲ ಮುಂದಕ್ಕೆ ಹೋಗುತ್ತದೆ. ಬೇವಿನ ಗಿಡದ ಕೆಳಗೆ ಮುದುಕರಿಬ್ಬರು, ನಾನು, ನಡುವೆ ಭಜಿಯ ಪೊಟ್ಟಣ. ಎರಡು ಕೇಸಿನ ನಡುವೆ ಸುಜಾತಾ ಕರಿಕೋಟಿನಲ್ಲೇ ಓಡಿ ಬಂದು ನಿಂತು ಒಂದು ಭಜಿ ತೆಗೆದುಕೊಳ್ಳುತ್ತಾಳೆ. ಆಕೆ ನನ್ನೆದುರು ಉಫ್ ಉಫ್ ಎನ್ನುತ್ತ ಬಿಸಿಬಿಸಿಯಾದದ್ದನ್ನು ತಿನ್ನುವುದು ಅಲ್ಲೇ. ಮೊನ್ನೆ ಹತ್ತಿ ಮಿಲ್ಲಿನ ಸಾವ್ಕಾರರು ಫೋನು ಮಾಡಿ ಬೈದರು. "ಏನಪಾ, ಕ್ಯಾಮೆರಾ ಕೂಡಿಸ್ತೀನಂತ ಹೇಳಿ ಎಷ್ಟು ದಿನ ಆಯ್ತು? ಯಾವಾಗ ನೋಡಿದ್ರೂ ಕೋರ್ಟಿನಾಗ ಇರ್ತಿ. ಬಿಟ್ಟು ಬರ್ತಿ ಇಲ್ಲೋ?" "ಬಿಡ್ತೀನ್ರಿ ಸಾವ್ಕಾರ್ರ, ನನಗೂ ಸಾಕಾಗ್ಯಾದ. ಈ ಹುಣಸಿ ಗಿಡದ ಕೇಸು ಒಂದು ಮುಗೀಲಿ," ಎಂದೆ. ಹಾಗೆಂದು ಫೋನಿಟ್ಟು, ಮೋಸಂಬಿ ಕೊಳ್ಳಲಿಕ್ಕೆ ಹೋದೆ. ದೇವಿಂದ್ರಪ್ಪ ಮತ್ತೆ ಕೆಮ್ಮುತ್ತಿದ್ದಾನೆ.